ಡಾಕ್ಟರ್ ಹಂಗುಂಡರನ್ನು ಹುಡುಕಿದ ಶಂಕ್ರಪ್ಪನವರು

ಶಂಕ್ರಪ್ಪನವರ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಹೆರಿಗೆ ವಾರ್ಡಿನ ಫೋನಿನಲ್ಲಿ. ಸಾವಿನ ಸುದ್ದಿ ಹೇಳುವವರ ಹಾಗೆ ತಗ್ಗಿದ, ಸಾವಕಾಶದ ದನಿ.

‘ಡಾಕ್ಟರಬಾಯಾರೇನ್ರಿ? ನಿಮ್ಮ ನಾಕನೇ ನಂಬರ್ ತೀರಿಕೊಂಡೈತ್ರಿ.’

ನಾನು ಫೋನನ್ನು ಮೇಜಿನ ಮೇಲೆ ಹಾಗೇ ಬಿಟ್ಟು ನಾಲ್ಕನೇ ನಂಬರಿನ ಹಾಸಿಗೆಗೆ ಓಡಿದೆ. ಹಿಂದಿನ ದಿನ ಸಿಜೇರಿಯನ್ ಆಗಿದ್ದ ತುಳಸಿಗೇರಿಯ ಹೆಣ್ಣುಮಗಳು ಅಲ್ಲಿದ್ದಳು. ಬದುಕಿದ್ದಳು. ಸೆರಗಿನ ಮರೆಯಲ್ಲಿ ಅರ್ಧ ಅಂಟಿನ ಉಂಡಿ ಹಿಡಿದುಕೊಂಡಿದ್ದಳು. ನನ್ನನ್ನು ಕಂಡು ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣು ಕಣ್ಣು ಬಿಟ್ಟಳು. ಪಕ್ಕದಲ್ಲಿ ಕೂತಿದ್ದ ತಾಯಿಯೇ ಮಗಳ ಪರವಾಗಿ ಹೇಳಿಕೆ ಕೊಟ್ಟಳು: ‘ತಿಂದಿಲ್ರಿ ಬಾಯಾರ. ಬರೇ ವಾಸನಿ ನೋಡಾಕತ್ತಿದ್ಲು.’

ಆ ವಾರ್ಡಿನಲ್ಲಿ ಸಿಜೇರಿಯನ್ ಆದವರಿಗೆ ಎರಡು ದಿನ ಬಾಯಿಗೆ ಏನೂ ಕೊಡಬಾರದೆಂಬ ನಿಯಮವಿತ್ತು. ಗೋಡೆಯ ಮೇಲೆ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಪ್ಲಾಸ್ಟಿಕ್ ಹಾಕಿ ಅಂಟಿಸಿದ್ದರು. ಹಾಗಾಗಿ ಬಾಣಂತಿಯರ ತಾಯಂದಿರು ದಿಂಬಿನ ಕೆಳಗೆ, ಕೂಸಿನ ದುಪ್ಪಟಿಯೊಳಗೆ ಉಂಡಿ ಅಡಗಿಸುವುದು, ನಾವು ಪಿ.ಜಿ. ವಿದ್ಯಾರ್ಥಿಗಳು ಪೊಲೀಸರ ಹಾಗೆ ಅದನ್ನು ಹುಡುಕಿ ತೆಗೆಯುವುದು ದಿನದ ಕೆಲಸವಾಗಿತ್ತು. ಅವತ್ತು ನಾನು ಉಂಡಿಯನ್ನು ಜಪ್ತಿ ಮಾಡಿ, ಫೋನು ಬಂದದ್ದು ಗ್ರಂಥಾಲಯದಿಂದ ಎಂದು ಆಪರೇಟರನಿಂದ ತಿಳಿದು, ಆ ಮನುಷ್ಯನಿಗೆ ನಾಲ್ಕು ಮಾತು ಕೇಳಬೇಕೆಂದು ಅಲ್ಲಿಗೆ ಹೋದೆ.

ಅವರು ನನ್ನ ಕೋಪವನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೆಳಿಗ್ಗೆ ಅವರಿಲ್ಲದಾಗ ಅವರ ಮೇಜಿನ ಮೇಲೆ ನಾನೇ ಇಟ್ಟು ಹೋಗಿದ್ದ ಹಾಳೆಯನ್ನು ನನ್ನ ಮುಂದಿಟ್ಟರು. ನನ್ನ ಥೀಸಿಸ್ಸಿಗೆ ಆಧಾರವಾದ ಲೇಖನಗಳ ಪಟ್ಟಿ ಅದು. ನಾಲ್ಕನೆಯದರ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಗುರುತಿತ್ತು.

‘ಈ ಲೇಖನ ಬರದವರ ಇದನ್ನ ವಾಪಸ್ ತಗೊಂಡಾರ್ರಿ. ಲೆಕ್ಕದಾಗ ತಪ್ಪೈತಿ ಅಂತ ಅವರ ಒಪ್ಪಿಕೊಂಡಾರ. ವಾಪಸ್ ತಗೊಂಡದ್ದು ಸತ್ತಂಗ. ಸತ್ತವರ ಸಾಕ್ಷಿ ತಗೊಂಡು ನೀವು ಕೋರ್ಟಿಗೆ ಹೋಗಬಾರದಲ್ರಿ?’

ಆ ಕಾಲೇಜಿನ ಹೆಸರು ಬೇಡ. ನಮ್ಮ ಸೀಮೆಯದೇ ಎಂದರೆ ಸಾಕು. ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ಬೆಳೆದ ನಾನು ಅಲ್ಲಿ ಪ್ರಸೂತಿ ವಿಭಾಗದಲ್ಲಿ ಮೂರು ವರ್ಷ ಓದಿದೆ. ಶಂಕ್ರಪ್ಪನವರು ಅಲ್ಲಿನ ಗ್ರಂಥಪಾಲಕರು. ಇಳಕಲ್ಲಿನ ನೇಕಾರರ ಮನೆಯವರು. ಅಣ್ಣತಮ್ಮಂದಿರು ಮಗ್ಗ ನಡೆಸುತ್ತಿದ್ದರು, ಇವರೊಬ್ಬರು ಪುಸ್ತಕದ ಕಡೆ ಬಂದಿದ್ದರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಅರ್ಧ ತೋಳಿನ ಬಿಳಿ ಅಂಗಿ, ಕನ್ನಡಕದ ಮುರಿದ ಕಾಲಿಗೆ ಸುತ್ತಿದ ಕೆಂಪು ರೇಷ್ಮೆ ಎಳೆ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಡಾಕ್ಟರುಗಳು ಬೂಟು ಹಾಕಿಕೊಂಡೇ ಬರುತ್ತಿದ್ದರು. ಅದಕ್ಕೆ ಅವರ ಆಕ್ಷೇಪಣೆ ಇರಲಿಲ್ಲ. ಅವರನ್ನು ಹೆಸರು ಹಿಡಿದು ಕರೆಯುವವರೂ ಕಡಿಮೆ. ನಮ್ಮ ವಿಭಾಗದ ಮುಖ್ಯಸ್ಥರು, ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದವರು, ‘ಲೈಬ್ರರೀನ ಕಳಸ್ರಿ’ ಎಂದು ಹೇಳಿ ಕಳಿಸುತ್ತಿದ್ದರು. ಹೀಗೆ ಲೈಬ್ರರಿಯೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಎರಡು ಮಹಡಿ ಹತ್ತಿ ಅವರ ಕೋಣೆಗೆ ಹೋಗುತ್ತಿತ್ತು.

ಆ ಗ್ರಂಥಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಎ.ಸಿ.ಗೆಂದು ಬರುವವರು. ಬಾಗಲಕೋಟೆಯ ಬಿಸಿಲು ಬಲ್ಲವರು ಅವರನ್ನು ತಪ್ಪು ಎನ್ನಲಾರರು. ಮೇಲಿನಿಂದ ತಪಾಸಣೆಗೆ ಜನ ಬರುವ ದಿನ ಮಾತ್ರ ನಮ್ಮನ್ನೆಲ್ಲ ವಾರ್ಡುಗಳಿಂದ ಕರೆತಂದು, ಒಬ್ಬೊಬ್ಬರ ಮುಂದೆ ಒಂದೊಂದು ದಪ್ಪ ಪುಸ್ತಕ ತೆರೆದು ಕೂರಿಸುತ್ತಿದ್ದರು. ಶಂಕ್ರಪ್ಪನವರು ಸಾಲಿನಲ್ಲಿ ಸದ್ದಿಲ್ಲದೆ ನಡೆದು, ತಲೆಕೆಳಗಾಗಿದ್ದ ಪುಸ್ತಕಗಳನ್ನು ನೆಟ್ಟಗೆ ತಿರುಗಿಸಿಟ್ಟು ಹೋಗುತ್ತಿದ್ದರು. ಒಮ್ಮೆ ಮೂಳೆ ವಿಭಾಗದ ಒಬ್ಬ ಹುಡುಗನ ಮುಂದೆ ಟೆಲಿಫೋನ್ ಡೈರೆಕ್ಟರಿ ಇತ್ತು. ಅದನ್ನೂ ಅವರು ನೆಟ್ಟಗೆ ಮಾಡಿದರು, ಅಷ್ಟೇ.

ಆದರೆ ಥೀಸಿಸ್ ಎಂದು ಬಂದವರನ್ನು ಅವರು ಸುಲಭಕ್ಕೆ ಬಿಡುತ್ತಿರಲಿಲ್ಲ. ‘ಪ್ರಶ್ನಿ ಏನ್ರಿ?’ ಎನ್ನುತ್ತಿದ್ದರು. ನಾನು ನನ್ನ ವಿಷಯ ಹೇಳಿದೆ. ದೊಡ್ಡ ಸರ್ ಕೊಟ್ಟ ವಿಷಯ: ‘ಸಿಜೇರಿಯನ್ ನಂತರ ಎರಡು ದಿನದ ಉಪವಾಸದ ಪ್ರಯೋಜನಗಳು’.

‘ಇದು ಪ್ರಶ್ನಿ ಅಲ್ರಿ, ಉತ್ತರ. ಉತ್ತರ ಕೈಯಾಗ ಹಿಡಕೊಂಡು ಬಂದವರಿಗೆ ಲೈಬ್ರರಿ ಯಾಕ ಬೇಕು?’

ಎಡಗೈಯ ನಾಲ್ಕು ಬೆರಳು ಚಾಚಿ ಒಂದೊಂದನ್ನೇ ಮಡಚಿದರು. ‘ಯಾರಿಗೆ? ಏನು ಮಾಡಿದ್ರ? ಅದನ್ನ ಮಾಡದ ಬಿಟ್ರ? ಕಡೀಕ ಏನಾಗ್ತೈತಿ? ಈ ನಾಕು ಹೇಳ್ರಿ, ಆಮ್ಯಾಲ ಹುಡುಕೂಣು.’

ಹುಡುಕುವುದೆಂದರೆ ಗೂಗಲ್ಲಿನಲ್ಲಿ ಒಂದು ಸಾಲು ಬರೆದು ಮೊದಲು ಬಂದದ್ದನ್ನು ತೆಗೆದುಕೊಳ್ಳುವುದು ಎಂದು ನಾನು ತಿಳಿದಿದ್ದೆ. ಅವರು ಒಂದೇ ಸಂಗತಿಗೆ ಇರುವ ಹೆಸರುಗಳನ್ನೆಲ್ಲ ಪಟ್ಟಿ ಮಾಡಿಸಿದರು. ಊಟ, ಆಹಾರ, ಬಾಯಿಂದ ಕೊಡುವುದು, ದ್ರವ ಕೊಡುವುದು, ಉಪವಾಸ ಮುರಿಯುವುದು. ‘ಉಪ್ಪಿಟ್ಟು ಅಂತ ಹುಡುಕಿದ್ರ ಸುಸಲಾ ಸಿಗೂದಿಲ್ರಿ. ಎರಡೂ ನಾಷ್ಟಾನ’ ಎಂದರು. ಲೇಖನಗಳ ಯಾವ ಭಂಡಾರದಲ್ಲಿ ಹುಡುಕಿದೆ, ಯಾವ ಪದ ಹಾಕಿದೆ, ಯಾವುದನ್ನು ಬಿಟ್ಟೆ, ಯಾಕೆ ಬಿಟ್ಟೆ, ಎಲ್ಲ ಬರೆದಿಡಬೇಕು. ನಾಳೆ ಇನ್ನೊಬ್ಬರು ಅದೇ ದಾರಿಯಲ್ಲಿ ಹೋದರೆ ಅದೇ ಊರು ಮುಟ್ಟಬೇಕು. ಹದಿನೈದು ದಿನ ಹುಡುಕಿದ ಮೇಲೆ ಬೇರೆ ಬೇರೆ ದೇಶಗಳ ಲೇಖನಗಳು ಸಾಲಾಗಿ ಕೂತವು. ಅವುಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತಿದ್ದವು: ತೊಡಕಿಲ್ಲದ ಸಿಜೇರಿಯನ್ ಆದವರು ಕೆಲವೇ ತಾಸಿನಲ್ಲಿ ಊಟ ಶುರುಮಾಡಬಹುದು. ದೊಡ್ಡ ಸರ್ ಮುಂದೆ ಇದನ್ನು ಹೇಳುವುದು ಹೇಗೆ?

ದೊಡ್ಡ ಸರ್ ಹತ್ತಿರ ಇದ್ದದ್ದು ಒಂದೇ ಬಾಣ. ಪಾಠ ಮಾಡುವಾಗಲೂ ರೌಂಡ್ಸಿನಲ್ಲೂ ಅವರು ಅದನ್ನೇ ಬಿಡುತ್ತಿದ್ದರು. ‘ಹಂಗುಂಡ್ ಏನ್ ಹೇಳ್ಯಾನ? ನಲವತ್ತೆಂಟು ತಾಸು. ಜರ್ಮನ್ನರು ಸುಮ್ನ ಹೇಳೂದಿಲ್ಲ.’ ಗೋಡೆಯ ನಿಯಮದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಅದೇ ಹೆಸರಿತ್ತು. ನಮ್ಮ ಸೀನಿಯರ್‌ಗಳ ಥೀಸಿಸ್ಸುಗಳಲ್ಲೆಲ್ಲ ಅದು ಇತ್ತು. ನನ್ನ ಪಟ್ಟಿಯಲ್ಲೂ ಇತ್ತು; ನಾನು ಸೀನಿಯರ್ ಒಬ್ಬಳಿಂದ ತೆಗೆದುಕೊಂಡಿದ್ದೆ, ಅವಳು ಅವಳ ಸೀನಿಯರ್‌ನಿಂದ. ಈಚೆಗೆ ಇಲ್ಲದ ಲೇಖನಗಳನ್ನು ಕಂಪ್ಯೂಟರು ತಾನೇ ಹುಟ್ಟಿಸಿ ಕೊಡುತ್ತದೆಂದು ಜನ ಬೆರಗಾಗುತ್ತಾರೆ. ನಮ್ಮಲ್ಲಿ ಕಂಪ್ಯೂಟರಿನ ಸಹಾಯವಿಲ್ಲದೆ ಕೈಯಿಂದಲೇ ಆ ಕೆಲಸ ನಡೆಯುತ್ತಿತ್ತು.

‘ಹಂಗುಂಡ್ ಅವರ ಲೇಖನ ಓದಬೇಕ್ರಿ ನಾನು’ ಎಂದರು ಶಂಕ್ರಪ್ಪನವರು. ಯಾರೂ ಓದಿಲ್ಲವೆಂದು ಗೊತ್ತಾದದ್ದು ಆಗಲೇ. ಅವರು ಬೇರೆ ಊರುಗಳ ಗ್ರಂಥಪಾಲಕರಿಗೆ ಪತ್ರ ಬರೆದರು. ಈ ಮಂದಿಯದೇ ಒಂದು ಬಳಗವಿತ್ತು. ಒಬ್ಬರಿಗೊಬ್ಬರು ಮುಖ ನೋಡದೆ ಹಳೆಯ ಲೇಖನಗಳ ಪ್ರತಿ ತೆಗೆದು ಕಳಿಸುತ್ತಿದ್ದರು. ವಾರದೊಳಗೆ ಒಬ್ಬರಿಂದ ಉತ್ತರ ಬಂತು. ಆ ಪತ್ರಿಕೆ ಇದೆ, ಆ ಸಂಪುಟವೂ ಇದೆ. ಆದರೆ ಲೇಖನ ಇದೆಯೆಂದು ನಾವು ಬರೆದ ಪುಟಕ್ಕಿಂತ ಬಹಳ ಮುಂಚೆಯೇ ಸಂಪುಟ ಮುಗಿದುಹೋಗುತ್ತದೆ.

ಶಂಕ್ರಪ್ಪನವರು ಹಳೆಯ ಥೀಸಿಸ್ಸುಗಳನ್ನು ಒಂದೊಂದಾಗಿ ಕಪಾಟಿನಿಂದ ಇಳಿಸಿದರು. ಹಂಗುಂಡ್ ಹೆಸರು ಹಿಂದೆ ಹಿಂದೆ ಹೋಗುತ್ತಾ ಕೊನೆಗೆ ಗಾಜಿನ ಬೀರುವಿನಲ್ಲಿಟ್ಟ ಒಂದು ಪ್ರತಿಗೆ ಬಂದು ನಿಂತಿತು. ಅದು ದೊಡ್ಡ ಸರ್ ತಮ್ಮ ಕಾಲದಲ್ಲಿ ಬರೆದ ಥೀಸಿಸ್ಸು. ಕಾಲೇಜಿಗೆ ಕಾಣಿಕೆಯಾಗಿ ಕೊಟ್ಟದ್ದು. ಅದರ ಆಧಾರಗಳ ಪಟ್ಟಿಯಲ್ಲಿ ಇಪ್ಪತ್ತೈದನೆಯದು, ಕೊನೆಯದು: ಹಂಗುಂಡ್ ಬಿ. ಕೆ.

ಅವರು ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ‘ಡಾಕ್ಟರಬಾಯಾರ, ನಾ ಇಳಕಲ್ಲಿಗೆ ಹೋಗುವಾಗ ಈ ಅಕ್ಷರಾನ ರಸ್ತಾದ ಬೋರ್ಡ್ ಮ್ಯಾಲೆ ನೋಡ್ತೇನ್ರಿ. ಜರ್ಮನ್ನರಂಗ ಓದಿದ್ರ ಹಂಗುಂಡ್. ನಮ್ಮಂಗ ಓದಿದ್ರ ಹುನಗುಂದ.’

ಥೀಸಿಸ್ಸಿನ ಕಟ್ಟಕಡೆಯ ಪುಟದ ಕೆಳಗೆ, ಆಗಿನ ರೂಢಿಯಂತೆ, ಟೈಪು ಮಾಡಿದ ಅಂಗಡಿಯ ಹೆಸರೂ ಊರೂ ಇದ್ದವು. ಊರು ಹುನಗುಂದ. ಟೈಪು ಮಾಡಿದವರು ಬಾಳಪ್ಪ ಕೆ.

ಮುಂದಿನ ಭಾನುವಾರ ನಾವಿಬ್ಬರೂ ಬಸ್ಸು ಹಿಡಿದು ಹೋದೆವು. ಬಾಳಪ್ಪ ಇನ್ನೂ ಅದೇ ಅಂಗಡಿಯಲ್ಲಿದ್ದರು. ಟೈಪ್‌ರೈಟರ್ ಹೋಗಿ ಝೆರಾಕ್ಸ್ ಮಷೀನು ಬಂದಿತ್ತು. ಶಂಕ್ರಪ್ಪನವರು ಪುಟ ತೋರಿಸಿದೊಡನೆ ಅವರಿಗೆ ನೆನಪಾಯಿತು. ದೊಡ್ಡ ಸರ್ ಸೋದರಮಾವನ ಮನೆ ಅದೇ ಓಣಿಯಲ್ಲಿತ್ತಂತೆ. ರಜೆಗೆ ಬಂದವರು ಅಲ್ಲೇ ಟೈಪು ಮಾಡಿಸಿದ್ದರು.

‘ಖರೆ ಹೇಳ್ತೇನ್ರಿ. ಇಪ್ಪತ್ತೈದು ಬೇಕು ಅಂತ ಅವರ ಗೈಡ್ ಹೇಳಿದ್ರಂತ. ಎಣಿಸಿದ್ರ ಇಪ್ಪತ್ನಾಕ ಇದ್ದುವು. ಸಾಹೇಬ್ರಿಗೆ ಬಸ್ಸಿನ ಗಡಿಬಿಡಿ. ಬಾಳಪ್ಪ, ಇನ್ನೊಂದು ನೀನ ನೋಡಿ ಹಾಕು ಅಂದು ಹೋದ್ರು. ಇಪ್ಪತ್ನಾಕು ಹೊಡದಿದ್ನೆಲ್ರಿ, ಅವು ಹೆಂಗಿರ್ತಾವು ಅಂತ ಗೊತ್ತಾಗಿತ್ತು. ನಂದೂ ಒಂದಿರ್ಲಿ ಅಂತ ಊರ ಹೆಸರು, ನನ್ನ ಹೆಸರು ಕೂಡ್ಸಿ ಹೊಡದೆ.’

‘ಎರಡು ದಿನ ಉಪವಾಸ ಅಂತ ಯಾಕ ಹಾಕಿದ್ರಿ?’ ಶಂಕ್ರಪ್ಪನವರು ಕೇಳಿದರು.

‘ಪುಸ್ತಕದ ತುಂಬ ಅದ ಇತ್ತಲ್ರಿ. ಅದಕ್ಕ ಹೊಂದ್ಸಿದೆ.’ ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ‘ಯಾಕ್ರಿ, ಏನರ ತಪ್ಪಾತೇನು?’

ನಾನು ವಾರ್ಡಿನ ಗೋಡೆಯ ಮೇಲಿದ್ದದ್ದನ್ನು ಹೇಳಿದೆ. ಬಾಳಪ್ಪ ಸ್ಟೂಲಿನ ಮೇಲೆ ಕೂತುಬಿಟ್ಟರು. ‘ನಮ್ಮ ಸೊಸಿ ನಿಮ್ಮ ದವಾಖಾನ್ಯಾಗ ಹಡದಾಳ್ರಿ. ಎರಡು ದಿನ ಒಂದು ತುತ್ತು ಕೊಡಲಿಲ್ಲ. ಹಸದು ಅಳೂದು ನೋಡಲಾರದ, ಇದನ್ನ ಯಾವ ಮಬ್ಬ ಬರದಾನೋ ಅಂತ ನಾನ ಬೈದು ಬಂದಿದ್ನಿ.’

ಮರಳಿ ಬರುವಾಗ ಬಸ್ಸಿನಲ್ಲಿ ನಾನು ನಗುತ್ತಿದ್ದೆ. ಶಂಕ್ರಪ್ಪನವರು ನಗಲಿಲ್ಲ. ಅಮೀನಗಡ ದಾಟಿದ ಮೇಲೆ ಒಮ್ಮೆ ಕೇಳಿದರು, ‘ವರ್ಷಕ್ಕ ಎಷ್ಟು ಮಂದಿ ಹಡೀತಾರ್ರಿ ನಿಮ್ಮಲ್ಲಿ?’ ನನ್ನ ನಗು ಅಲ್ಲಿಗೆ ನಿಂತಿತು.

‘ಸರ್ ಮುಂದ ಆ ಲೇಖನ ಸುಳ್ಳು ಅನ್ನೂ ಮಾತು ಆಡಬ್ಯಾಡ್ರಿ. ಸಿಗಲಿಲ್ಲ ಅನ್ರಿ. ಅದೂ ಖರೇನ’ ಎಂದು ನನಗೆ ಹೇಳಿಕೊಟ್ಟರು. ನಾನು ಹಾಗೆಯೇ ಹೇಳಿದೆ. ದೊಡ್ಡ ಸರ್ ನನ್ನನ್ನು ಬಿಟ್ಟು ಶಂಕ್ರಪ್ಪನವರಿಗೆ ಮೆಮೊ ಕಳಿಸಿದರು: ಹಂಗುಂಡ್‌ರಂಥ ಜಗತ್ಪ್ರಸಿದ್ಧ ವೈದ್ಯರ ಲೇಖನವೇ ಇಲ್ಲದ ಗ್ರಂಥಾಲಯ ಯಾವ ಪುರುಷಾರ್ಥಕ್ಕೆ ಇದೆ, ವಿವರಣೆ ನೀಡುವುದು. ಅದಕ್ಕಾಗಿ ಗ್ರಂಥಾಲಯ ಸಮಿತಿಯ ಸಭೆಯನ್ನೂ ಕರೆದರು. ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಸಭೆಯ ನಡಾವಳಿ ಬರೆಯುವವಳು ನಾನು.

ಆ ಸಭೆಯನ್ನು ನಾನು ಮರೆಯಲಾರೆ. ಹಂಗುಂಡರ ಸಮಗ್ರ ಲೇಖನಗಳನ್ನು ತರಿಸಬೇಕೆಂದು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರು ತಾವು ಒಂದು ಸಮ್ಮೇಳನದಲ್ಲಿ ಹಂಗುಂಡರ ಭಾಷಣ ಕೇಳಿದ್ದಾಗಿ ಹೇಳಿದರು. ‘ಭಾಳ ಸರಳ ಮನಷ್ಯಾ. ನಮ್ಮ ಜೋಡೀನ ಸಾಲಿನ್ಯಾಗ ನಿಂತು ಊಟ ಮಾಡಿದ್ರು.’ ಔಷಧ ವಿಭಾಗದವರು ನಿಟ್ಟುಸಿರಿಟ್ಟರು: ‘ಹೋದ ವರ್ಷ ತೀರಿಕೊಂಡ್ರು, ಪಾಪ.’ ನಾನು ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ದೊಡ್ಡ ಸರ್ ಶಂಕ್ರಪ್ಪನವರ ಕಡೆ ತಿರುಗಿ, ‘ನಿಮ್ಮ ವಿವರಣೆ?’ ಎಂದರು.

ಶಂಕ್ರಪ್ಪನವರು ಎದ್ದು ನಿಂತು, ಬರೆದು ತಂದಿದ್ದ ಎರಡು ಸಾಲು ಓದಿದರು. ‘ಲೇಖಕರನ್ನು ಖುದ್ದಾಗಿ ಭೇಟಿ ಮಾಡಲಾಗಿದೆ. ತಮ್ಮ ಲೇಖನದ ಪ್ರತಿ ತಮ್ಮ ಬಳಿಯೂ ಇಲ್ಲವೆಂದು ಅವರು ತಿಳಿಸಿರುತ್ತಾರೆ.’

ಔಷಧ ವಿಭಾಗದವರು ಫ್ಯಾನು ನೋಡತೊಡಗಿದರು. ‘ಭೆಟ್ಟಿ ಆದ್ರಾ? ಎಲ್ಲಿ?’ ಎಂದರು ದೊಡ್ಡ ಸರ್.

‘ಅದನ್ನ ತಮ್ಮ ಚೇಂಬರ್‌ನ್ಯಾಗ ಹೇಳ್ತೇನ್ರಿ ಸರ್.’

ಎಲ್ಲರ ಮುಂದೆ ಹೇಳಬಹುದಿತ್ತು. ಮೆಮೊ ಕೊಟ್ಟವರಿಗೆ ಅಷ್ಟಾದರೂ ಆಗಬೇಕೆಂದು ನನಗೆ ಅನಿಸಿತ್ತು. ಆದರೆ ಅವರು ದೊಡ್ಡ ಸರ್ ಹಿಂದೆ ಮೆಟ್ಟಿಲು ಹತ್ತಿ ಹೋದರು. ಬಾಗಿಲು ಮುಚ್ಚಿತು. ನಾನು ನಡಾವಳಿ ಪುಸ್ತಕ ಹಿಡಿದುಕೊಂಡು ಹೊರಗೆ ನಿಂತಿದ್ದೆ. ಬಹಳ ಹೊತ್ತಿನ ಮೇಲೆ ಒಳಗಿಂದ ಗಂಟೆಯ ಸದ್ದಾಯಿತು, ಸಿಪಾಯಿ ಒಳಗೆ ಹೋಗಿ ಬಂದ. ‘ಎರಡು ಚಾ ಹೇಳ್ಯಾರ್ರಿ’ ಎಂದ, ತನಗೇ ನಂಬಿಕೆಯಿಲ್ಲದವನಂತೆ. ಆ ಕೋಣೆಯಲ್ಲಿ ‘ಲೈಬ್ರರಿ’ ಕೂತು ಚಹಾ ಕುಡಿದದ್ದು ಅದೇ ಮೊದಲು.

ಒಳಗೆ ಏನಾಯಿತೆಂದು ಶಂಕ್ರಪ್ಪನವರು ಎಂದೂ ಪೂರ್ತಿ ಹೇಳಲಿಲ್ಲ. ‘ಬಾಳಪ್ಪನ ಹೆಸರು ತಗದ ಕೂಡಲೆ ಸರ್‌ಗೆ ಎಲ್ಲಾ ನೆನಪಾತ್ರಿ. ಪಾಪ, ಅವರೂ ಆವಾಗ ಸಣ್ಣ ವಯಸ್ಸಿನವರು’ ಎಂದಷ್ಟೇ ಅಂದರು. ಮರುದಿನ ದೊಡ್ಡ ಸರ್ ನನ್ನನ್ನು ಕರೆದು, ನನ್ನ ವಿಷಯ ಹಳೆಯದಾಯಿತೆಂದೂ ಜಗತ್ತು ಮುಂದೆ ಹೋಗಿದೆಯೆಂದೂ, ಬೇಗ ಊಟ ಕೊಟ್ಟರೆ ಏನಾಗುತ್ತದೆಂದು ನೋಡಬೇಕೆಂದೂ ತಾವೇ ಕಂಡುಹಿಡಿದವರಂತೆ ವಿವರಿಸಿದರು. ನಾನು ತಲೆಯಾಡಿಸಿ ಬರೆದುಕೊಂಡೆ. ಅದೇ ವಾರ ಬೇವೂರಿನ ಒಬ್ಬ ಬಾಣಂತಿಗೆ ಆಪರೇಷನ್ ಆದ ಆರು ತಾಸಿಗೆ ರವೆಗಂಜಿ ಕೊಟ್ಟೆವು. ನರ್ಸು, ನಾನು, ದೊಡ್ಡ ಸರ್ ಮೂವರೂ ಸುತ್ತ ನಿಂತು ಅವಳು ನುಂಗುವುದನ್ನೇ ನೋಡುತ್ತಿದ್ದೆವು. ಬಟ್ಟಲು ಖಾಲಿ ಮಾಡಿ ಅವಳು, ‘ಇನ್ನೊಂದಿಷ್ಟು ಐತೇನ್ರಿ?’ ಎಂದಳು.

ನಿಯಮ ಬದಲಾಯಿತು. ದೊಡ್ಡ ಸರ್ ಒಂದೆರಡು ಸಮ್ಮೇಳನಗಳಲ್ಲಿ ಈ ಕ್ರಾಂತಿಕಾರಕ ಬದಲಾವಣೆಯ ಬಗ್ಗೆ ಮಾತಾಡಿ ಫಲಕಗಳನ್ನು ತಂದರು. ನನ್ನ ಥೀಸಿಸ್ಸಿನ ಮೊದಲ ಪುಟದ ಕೃತಜ್ಞತೆಯಲ್ಲಿ ದೇವರು, ತಂದೆತಾಯಿ, ದೊಡ್ಡ ಸರ್, ಬೈಂಡಿಂಗ್ ಮಾಡಿದವರು ಎಲ್ಲರೂ ಇದ್ದರು. ಶಂಕ್ರಪ್ಪನವರ ಹೆಸರನ್ನು ನಾನು ಬರೆದಿದ್ದೆ. ದೊಡ್ಡ ಸರ್ ಅದನ್ನು ಹೊಡೆದು ಹಾಕಿದರು. ‘ಅದು ಅವನ ಡ್ಯೂಟಿ. ಲಿಫ್ಟಿಗೂ ಥ್ಯಾಂಕ್ಸ್ ಹೇಳ್ತೀಯೇನು?’ ಪರೀಕ್ಷೆ ಹತ್ತಿರ ಇತ್ತು. ಹೆಸರು ಹೊಡೆದು ಹಾಕಿದ ಪುಟವನ್ನೇ ಬೈಂಡಿಂಗಿಗೆ ಕೊಟ್ಟೆ. ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟಾಗ ಶಂಕ್ರಪ್ಪನವರು ಆ ಪುಟವನ್ನು ಓದಿದರು, ನಂಬರ್ ಚೀಟಿ ಅಂಟಿಸಿದರು, ಕಪಾಟಿನಲ್ಲಿಟ್ಟರು. ನಾನು ಅವರ ಕಣ್ಣು ತಪ್ಪಿಸಿ ಹೊರಗೆ ಬಂದೆ.

ಮುಂದೆ ಅವರು ನಿವೃತ್ತರಾದಾಗ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಗ್ರಂಥಾಲಯದಲ್ಲಿ ಶಾಂತಿ ಕಾಪಾಡಿದ್ದಕ್ಕಾಗಿ ಹೊಗಳಿದರಂತೆ. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಎಲ್ಲ ಮೊಬೈಲಿನಲ್ಲೇ ಸಿಗುತ್ತದೆಂದು ತೀರ್ಮಾನವಾಯಿತು.

ನಾನು ಬಾದಾಮಿಯ ಕಡೆ ಸರ್ಕಾರಿ ಆಸ್ಪತ್ರೆಗೆ ಬಂದು ಕೆಲವು ವರ್ಷಗಳಾದ ಮೇಲೆ, ಇಬ್ಬರು ಗೆಳತಿಯರ ಜೊತೆ ಸೇರಿ ಬಾಣಂತಿಯರ ರಕ್ತಹೀನತೆಯ ಬಗ್ಗೆ ಈವರೆಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡುವ ಒಂದು ಲೇಖನಕ್ಕೆ ಕೈಹಾಕಿದೆ. ಹುಡುಕುವ ಕೆಲಸವನ್ನೆಲ್ಲ ಶಂಕ್ರಪ್ಪನವರೇ ಇಳಕಲ್ಲಿನ ಮನೆಯಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿ ಕೂತು ಮಾಡಿಕೊಟ್ಟರು. ಈ ಸಲ ಕೃತಜ್ಞತೆ ಬೇಡ, ಲೇಖಕರ ಸಾಲಿನಲ್ಲೇ ಅವರ ಹೆಸರಿರಬೇಕೆಂದು ನಾನು ಹಟ ಹಿಡಿದೆ. ಕರಡು ಪ್ರತಿ ಹಿಡಿದುಕೊಂಡು ಅವರ ಮನೆಗೆ ಹೋದೆ.

ಅವರು ಸೊರಗಿದ್ದರು. ಓಣಿಯಲ್ಲಿ ಮಗ್ಗಗಳ ಸದ್ದು. ಪ್ರತಿಯನ್ನು ಕೈಗೆ ಕೊಟ್ಟು, ಮೊದಲ ಪುಟ ನೋಡಿ ಏನನ್ನುತ್ತಾರೋ ಎಂದು ಕಾದೆ. ಅವರು ಮೊದಲ ಪುಟದಲ್ಲಿ ಒಂದು ಕ್ಷಣ ನಿಂತು, ಕನ್ನಡಕ ಒರೆಸಿಕೊಂಡು, ನೇರ ಆಧಾರಗಳ ಪಟ್ಟಿಯಿದ್ದ ಕೊನೆಯ ಪುಟಗಳಿಗೆ ಹೋದರು. ಬೆರಳು ಒಂದೊಂದೇ ಸಾಲು ಇಳಿಯಿತು. ಮೂವತ್ತೊಂದರಲ್ಲಿ ನಿಂತಿತು.

‘ಇದನ್ನ ಪೂರಾ ಓದೀರೇನ್ರಿ?’

‘ಸಾರಾಂಶ ಓದೇನ್ರಿ ಸರ್.’

‘ಬರೇ ಸಾರಾಂಶ?’

ನಾನು ಹೂಂ ಎಂದೆ. ಅವರು ಪ್ರತಿಯನ್ನು ಮಡಚಿ ನನ್ನ ಕೈಗಿಟ್ಟರು. ಸಿಟ್ಟಿರಲಿಲ್ಲ. ‘ಹಂಗಾರ ಓದೂತನಕ ನನ್ನ ಹೆಸರು ತಗದಿಡ್ರಿ. ಓದಿದ ಮ್ಯಾಲ ಹಾಕ್ರಿ.’

ಮನೆಗೆ ಬಂದು ಓದಿದೆ. ನಾವು ಅದರ ತಲೆಯ ಮೇಲೆ ಹೊರಿಸಿದ್ದ ಮಾತನ್ನು ಆ ಲೇಖನ ಎಲ್ಲೂ ಹೇಳಿರಲಿಲ್ಲ. ಎರಡು ವಾಕ್ಯ ತೆಗೆದು ಫೋನು ಮಾಡಿ ತಿಳಿಸಿದೆ. ‘ಈಗ ಇರ್ಲಿ’ ಎಂದರು. ಅದೇ ಕೊನೆಯ ಮಾತು. ಲೇಖನ ಅಚ್ಚಾಗುವ ಹೊತ್ತಿಗೆ ಅವರು ಹೋಗಿ ಎರಡು ತಿಂಗಳಾಗಿತ್ತು.

ಅಚ್ಚಾದದ್ದನ್ನು ತೆಗೆದುಕೊಂಡು ಇಳಕಲ್ಲಿಗೆ ಹೋದೆ. ಅವರ ಹೆಂಡತಿ ಸಾವಕ್ಕ ಬಾಗಿಲು ತೆರೆದರು. ಹಾಳೆಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು ನೋಡಿದರು.

‘ಇಂಗ್ಲೀಷ್ ನನಗ ಬರೂದಿಲ್ಲವ್ವ. ಅವರ ಹೆಸರು ಎಲ್ಲೈತಿ, ತೋರಸು.’

ತೋರಿಸಿದೆ. ಅವರು ಆ ಅಕ್ಷರಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಒಮ್ಮೆ ಸಾವಕಾಶ ಸವರಿದರು. ‘ಇಷ್ಟುದ್ದ ಐತೇನು?’ ಎಂದು ಕೇಳಿ, ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.